ಯಾವ ನೆಲದ ಮೇಲೆ ನಿಂತ ಸತ್ಯ?



ಗಣಿತದ ಸತ್ಯ ನಿರಪೇಕ್ಷವೋ ಸಾಪೇಕ್ಷವೋ ಎಂಬ ಪ್ರಶ್ನೆ ನನಗೆ ಮೊದಲು ಎದುರಾದದ್ದು ಪುಸ್ತಕದಲ್ಲಲ್ಲ, ತರಗತಿಯಲ್ಲಿ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸಿ ಚಾಕ್‌ಪೀಸ್ ಕೆಳಗಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಗ್ಲೋಬಿನಲ್ಲಿ ಎರಡು ರೇಖಾಂಶಗಳು ಸಮಭಾಜಕಕ್ಕೆ ಲಂಬವಾಗಿರ್ತವೆ. ಅಲ್ಲಿಗೇ 180 ಆಯ್ತು. ಮೇಲೆ ಧ್ರುವದಲ್ಲಿ ಇನ್ನೊಂದು ಕೋನ ಇದೆಯಲ್ಲ?" ಎಂದಳು. "ಅದು ಭೂಗೋಳ, ಇದು ಗಣಿತ, ಕೂತ್ಕೋ" ಎಂದುಬಿಟ್ಟೆ. ಕೂತಳು. ಮತ್ತೆ ಆ ವರ್ಷವಿಡೀ ಪ್ರಶ್ನೆ ಕೇಳಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಆ ರೇಖಾಂಶಗಳ ನಡುವೆ 90 ಡಿಗ್ರಿ ಇದ್ದರೆ ಮೊತ್ತ 270. ನಾನು ಸಾಧಿಸಿದ್ದೂ ಸರಿಯೇ. ಆದರೆ ಅದು ಸಮತಲದ ಮಾತು ಎಂಬುದನ್ನು ನಾನು ಹೇಳಿರಲಿಲ್ಲ.

ನನ್ನ ಆ ಸಾಧನೆ ನಿಂತಿದ್ದ ನೆಲ ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ. ಅದು ಬರೀ ಆಯ್ಕೆ ಎಂದು ಎರಡು ಸಾವಿರ ವರ್ಷ ದೊಡ್ಡ ದೊಡ್ಡ ಗಣಿತಜ್ಞರೂ ಹೇಳಿರಲಿಲ್ಲ. ಅದನ್ನು, ಅಂದರೆ ರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಒಂದು ಸಮಾಂತರ ರೇಖೆ ಎಂದು ನಾವು ಓದುವ ಮಾತನ್ನು, ಉಳಿದವುಗಳಿಂದ ಸಾಧಿಸಲು ಎಷ್ಟೋ ಜನ ಹೆಣಗಿದರು. ಇಟಲಿಯ ಸಾಕ್ಕೇರಿ 1733ರಲ್ಲಿ, ಅದು ಸುಳ್ಳೆಂದು ಊಹಿಸಿಕೊಂಡು ವಿರೋಧ ಹುಡುಕುತ್ತ ಹೊರಟರು. ಪ್ರಮೇಯದ ಮೇಲೆ ಪ್ರಮೇಯ ಬಂತು, ವಿರೋಧ ಬರಲಿಲ್ಲ. ಕೊನೆಗೆ, ಇದು ಸರಳರೇಖೆಯ ಸ್ವಭಾವಕ್ಕೇ ಒಗ್ಗದು ಎಂದು ತೀರ್ಪಿತ್ತು ನಿಲ್ಲಿಸಿದರು. ಹೊಸ ಜ್ಯಾಮಿತಿಯ ಹೊಸಿಲಲ್ಲಿ ನಿಂತಿದ್ದೇನೆಂದು ಅವರಿಗೆ ತಿಳಿಯಲಿಲ್ಲವಲ್ಲ ಎಂದು ಇಂದಿಗೂ ಮರುಗುತ್ತೇನೆ. ಆ ಹೊಸಿಲು ದಾಟಿದವರು ಕಜಾನಿನ ಲೊಬಚೆವ್‌ಸ್ಕಿ, 1829ರಲ್ಲಿ. ಹಂಗೆರಿಯ ಯಾನೋಶ್ ಬೊಯಾಯಿ, 1832ರಲ್ಲಿ, ತಂದೆಯ ಪುಸ್ತಕದ ಅನುಬಂಧವಾಗಿ. 1868ರಲ್ಲಿ ಬೆಲ್ತ್ರಾಮಿ ಅವರ ಕೆಲಸ ಬಂದ ಮೇಲೆ ಸಂಶಯಕ್ಕೆ ಎಡೆಯಿಲ್ಲದಾಯಿತು: ಯೂಕ್ಲಿಡ್ ಜ್ಯಾಮಿತಿಯಲ್ಲಿ ವಿರೋಧವಿಲ್ಲವಾದರೆ ಈ ಹೊಸ ಜ್ಯಾಮಿತಿಯಲ್ಲೂ ಇಲ್ಲ.

ಹಾಗಾದರೆ ಗಣಿತದಲ್ಲಿ ಯಾರು ಏನು ಹೇಳಿದರೂ ನಡೆಯುತ್ತದೆಯೇ? ಇಲ್ಲ. ಇದಕ್ಕೆ ನಮ್ಮ ನೆಲದ ಸಾಕ್ಷಿಯೇ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅದರಲ್ಲಿ ಹೇಳಿದ್ದಾರೆ. 1572ರಲ್ಲಿ ಬೊಂಬೆಲ್ಲಿ ಇಂಥ ಮೂಲಗಳೊಂದಿಗೆ ಲೆಕ್ಕ ಮಾಡುವ ನಿಯಮಗಳನ್ನು ಬರೆದರು, ಸಂಮಿಶ್ರ ಸಂಖ್ಯೆಗಳು ಬಂದವು. ಆದರೂ ಆಚಾರ್ಯರ ಮಾತು ಬೀಳಲಿಲ್ಲ. ವಾಸ್ತವ ಸಂಖ್ಯೆಗಳಲ್ಲಿ ಅದು ಇವತ್ತಿಗೂ ಅಷ್ಟೇ ನಿಜ. ಅದೇ ಗ್ರಂಥದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದೂ ಇದೆ. ಐದನ್ನು ಸೊನ್ನೆಯಿಂದ ಭಾಗಿಸಿದರೆ ಐದು ಎನ್ನೋಣ. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ತಾಳೆ ನೋಡಿದರೆ, ಅವರದೇ ನಿಯಮದಂತೆ ಬರುವುದು ಸೊನ್ನೆ! ಈ ಎರಡನೆಯ ಮಾತನ್ನು ಕಾಪಾಡಲು ಆಚಾರ್ಯರ ಹಿರಿಮೆಗಾಗಲಿ ನಮ್ಮ ಅಭಿಮಾನಕ್ಕಾಗಲಿ ಸಾಧ್ಯವಿಲ್ಲ. ಆಚಾರ್ಯರ ಮೇಲೆ ನನಗೆ ಅಪಾರ ಗೌರವ, ಅದಕ್ಕೆಂದೇ ಇದನ್ನು ಮುಚ್ಚಿಡಲಾರೆ.

ನನ್ನ ನಿಲುವು ಇದು. ಯಾವ ಆಧಾರ ಪ್ರತಿಜ್ಞೆಗಳಿಂದ ಹೊರಡುತ್ತೇವೆ ಎಂಬುದು ನಮ್ಮ ಆಯ್ಕೆ. ಹೊರಟ ಮೇಲೆ ಎಲ್ಲಿಗೆ ತಲುಪುತ್ತೇವೆ ಎಂಬುದು ನಮ್ಮ ಕೈಯಲ್ಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹದಿನೇಳು ಹುಣಸೆಬೀಜಗಳನ್ನು ಒಂದಕ್ಕಿಂತ ಹೆಚ್ಚು ಬೀಜಗಳ ಸಮನಾದ ಸಾಲುಗಳಾಗಿ ಜೋಡಿಸಲು ಹೊರಟ ಮಗುವಿಗೆ ಯಾವ ದೇಶದಲ್ಲೂ ಯಾವ ಕಾಲದಲ್ಲೂ ಆಗದು. ಎಣಿಕೆಯ ಈ ಸತ್ಯವನ್ನು ಸಾಪೇಕ್ಷ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಅನಂತ ಗಣಗಳ ಮಾತು ಬಂದಾಗ ಈ ಧೈರ್ಯ ಸಾಲದು. ಸ್ವಾಭಾವಿಕ ಸಂಖ್ಯೆಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಮತ್ತೊಂದು ಅನಂತವಿಲ್ಲ ಎಂದು 1878ರಲ್ಲಿ ಕ್ಯಾಂಟರ್ ಊಹಿಸಿದರು. ಗಣಸಿದ್ಧಾಂತದ ರೂಢಿಯ ಸ್ವಯಂಸಿದ್ಧಗಳಿಂದ ಅದನ್ನು ಅಲ್ಲಗಳೆಯಲಾಗದು ಎಂದು ಗೋಡೆಲ್, ಸಾಧಿಸಲೂ ಆಗದು ಎಂದು 1963ರಲ್ಲಿ ಪಾಲ್ ಕೋಹೆನ್ ತೋರಿಸಿದರು. ಉತ್ತರ ಎಲ್ಲೋ ಇದೆ, ನಮ್ಮ ಸ್ವಯಂಸಿದ್ಧಗಳೇ ಸಾಲವು ಎಂದು ಗೋಡೆಲ್ ನಂಬಿದ್ದರು. ಅವರಂತೆ ನಂಬಲು ನನಗೂ ಆಸೆ, ಆದರೆ ಆಸೆ ಸಾಧನೆಯಲ್ಲ.

ಗಣಿತ ಅಧ್ಯಾಪಕರ ಈ ಸಭೆಯ ನಾಳೆ ಬೆಳಗಿನ ಗೋಷ್ಠಿಗೆ ಮೇಜಿನ ಮೇಲೆ ಗ್ಲೋಬು, ದಾರ, ಗುಂಡುಸೂಜಿ ಇಡಿಸಿದ್ದೇನೆ. ದಾರವನ್ನು ಬಿಗಿಯಾಗಿ ಎಳೆದು ತ್ರಿಭುಜ ಮಾಡೋಣ. ಮೊದಲು ಇಲ್ಲಿಗೆ ಬಂದಿರುವ ವಿದ್ಯಾರ್ಥಿಗಳು ಅಳೆಯಲಿ, ಆಮೇಲೆ ನಾವು ಅಧ್ಯಾಪಕರು. ಕೋನಮಾಪಕಗಳನ್ನು ಮಾತ್ರ ನೀವೇ ತನ್ನಿ.