ಜೋಗೇಶ್ವರಿಯ ರಸ್ತೆಗೆ ಯಾವ ಕಾರು?

ಜೋಗೇಶ್ವರಿ–ವಿಕ್ರೋಲಿ ಸಂಪರ್ಕ ರಸ್ತೆಯಲ್ಲಿ ಬೆಳಗಿನ ಹೊತ್ತು ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಾರು ಕೊಳ್ಳುವವರು ಮೊದಲು ಗಮನಿಸಬೇಕಾದುದು ಇದನ್ನೇ. ಪೆಟ್ರೋಲ್ ಎಂಜಿನ್ ನಿಂತಲ್ಲೂ ಇಂಧನ ಸುಡುತ್ತದೆ. ಇಂದಿನ ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಲು ತಡೆಯಿಲ್ಲದ ದೀರ್ಘ ಓಟ ಬೇಕು. ನಿತ್ಯವೂ ತೆವಳುವ ಕಾರಿಗೆ ಅದೆಲ್ಲಿ ದೊರೆಯಬೇಕು? ಮೇಲಾಗಿ, ಮುಂಬಯಿಯಲ್ಲಿ ಈ ಎರಡೂ ಬಗೆಯ ವಾಹನಗಳನ್ನು ಹಂತಹಂತವಾಗಿ ಕೈಬಿಡಲು ಸಾಧ್ಯವೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ರಾಜ್ಯ ಸರ್ಕಾರಕ್ಕೆ ಆದೇಶಿಸಿತು.

ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದರೂ ಅದು ಉರಿಸುವುದು ಪೆಟ್ರೋಲನ್ನೇ, ಬೆಲೆಯೂ ಅಧಿಕ. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಆದರೆ ರಾತ್ರಿ ಅದು ನಿಲ್ಲುವೆಡೆ ಚಾರ್ಜಿಂಗ್ ಸೌಲಭ್ಯವಿರಬೇಕು. ಸೊಸೈಟಿಯ ಅಂಗಳದಲ್ಲಿ ಸ್ಥಳವುಳ್ಳವರಿಗೆ ಅದೇ ಉತ್ತಮ. ಬೀದಿಬದಿಯಲ್ಲಿ ಕಾರು ನಿಲ್ಲಿಸುವವರಿಗೆ ಸದ್ಯ ಹೈಬ್ರಿಡ್ ಲೇಸು.