ಅನಾಥ ಮಕ್ಕಳಿಗೆ ಆಟವೂ ಒಂದು ಹಕ್ಕು



ಅನಾಥಾಲಯಗಳಲ್ಲಿ ಬೆಳೆಯುವ ಮಕ್ಕಳಿಗಾಗಿ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುವ ಮಾತು ಬಂದಾಗ ನಮ್ಮಲ್ಲೇ ಕೆಲವರು, “ಅನ್ನ, ಬಟ್ಟೆ, ವಿದ್ಯೆ ಕೊಟ್ಟರೆ ಸಾಲದೇ? ಆಟವೇಕೆ?” ಎಂದು ಕೇಳಿದರು. ಉತ್ತರ ಈ ಆಟದ ಚರಿತ್ರೆಯಲ್ಲೇ ಇದೆ.

ಬಾಸ್ಕೆಟ್‌ಬಾಲ್ ಅನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಸ್ವತಃ ಅನಾಥರಾಗಿದ್ದರು. 1861ರಲ್ಲಿ ಕೆನಡಾದಲ್ಲಿ ಜನಿಸಿದ ಅವರು 1870ರಲ್ಲಿ ವಿಷಮಶೀತ ಜ್ವರದಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದರು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿ, 13 ನಿಯಮಗಳನ್ನು ಬರೆದು, 18 ಮಂದಿ ವಿದ್ಯಾರ್ಥಿಗಳನ್ನು ಆಟಕ್ಕಿಳಿಸಿದರು. ಚೆಂಡು ಹಿಡಿದವನು ಓಡುವಂತಿಲ್ಲ, ಎದುರಾಳಿಯನ್ನು ದೂಡುವಂತಿಲ್ಲ ಎಂಬುದು ಆ ನಿಯಮಗಳಲ್ಲಿ ಮುಖ್ಯವಾದುದು. ಆದ್ದರಿಂದ ಸಂಗಾತಿಯನ್ನು ನಂಬಿ ಚೆಂಡನ್ನು ಅವನಿಗೆ ನೀಡಲೇಬೇಕಾಯಿತು.

ಇದರ ಮರ್ಮವನ್ನು ನಾವು ಅರಿಯಬೇಕು. ಅನಾಥಾಲಯದ ಮಗು ದಿನವಿಡೀ ಪಡೆಯುವ ಕೈಯಾಗಿರುತ್ತದೆ. ಅಂಗಣದಲ್ಲಿ ಮಾತ್ರ ಅದು ಕೊಡುವ ಕೈಯಾಗುತ್ತದೆ. ಅಲ್ಲಿ ಅದನ್ನು ಅಳೆಯುವುದು ಅನುಕಂಪವಲ್ಲ, ಸಾಮರ್ಥ್ಯ.

ಪ್ರವಾದಿ ಮುಹಮ್ಮದ್(ಸ)ರೂ ಅನಾಥರಾಗಿ ಬೆಳೆದವರು. ಅನಾಥರನ್ನು ದೂರ ತಳ್ಳುವವರನ್ನು ಕುರ್‌ಆನ್‌ನ ಅಲ್‌ಮಾಊನ್ ಅಧ್ಯಾಯವು ಕಟುವಾಗಿ ಖಂಡಿಸುತ್ತದೆ. ಅನ್ನ ನಿರಾಕರಿಸುವುದು ಮಾತ್ರ ತಳ್ಳುವುದಲ್ಲ. ದಾನಿಗಳ ಪಕ್ಕ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವುದೂ ಆ ಮಗುವಿನ ಆತ್ಮಗೌರವವನ್ನು ತಳ್ಳಿದಂತೆಯೇ.

ಆಟವು ನಮ್ಮ ಔದಾರ್ಯವೂ ಅಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಸಾರಿದೆ. ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳ ಪಾಲನಾ ಸಂಸ್ಥೆಗಳು ಒದಗಿಸಬೇಕಾದ ಸೇವೆಗಳಲ್ಲಿ ಕ್ರೀಡೆಯನ್ನು ಸೇರಿಸಿದೆ. ಇದನ್ನು ಜಾರಿಗೊಳಿಸುವಂತೆ ಸರಕಾರವನ್ನು ಒತ್ತಾಯಿಸುವ ನಾವು, ನಮ್ಮದೇ ಸಂಸ್ಥೆಗಳ ಅಂಗಳದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಡವೇ?

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಆಟಗಾರರ ಅಂಗಿಯ ಮೇಲೆ ‘ಅನಾಥ’ ಎಂಬ ಪದ ಬೇಡ. ಹೆಣ್ಣು ಮಕ್ಕಳಿಗೂ ಸಮಾನ ಅವಕಾಶವಿರಲಿ. ನೆರೆಯ ಶಾಲೆಗಳ ಮಕ್ಕಳೂ ಅವರೊಂದಿಗೆ ಆಡಲಿ. ಪಂದ್ಯಾವಳಿ ಮುಗಿದ ಮೇಲೆ ಪ್ರತಿ ಸಂಸ್ಥೆಯಲ್ಲೂ ಒಂದು ಚೆಂಡು, ಒಂದು ಬುಟ್ಟಿ, ವಾರಕ್ಕೊಮ್ಮೆಯಾದರೂ ಬರುವ ತರಬೇತುದಾರರು ಉಳಿಯಲಿ. ಇಲ್ಲವಾದರೆ ಅದು ಒಂದು ದಿನದ ಜಾತ್ರೆಯಷ್ಟೇ.

ಕೊನೆಯದಾಗಿ ಒಂದು ಮಾತು. ಇತರ ಮಕ್ಕಳು ಆಡುವಾಗ ಹೆತ್ತವರು ಬಂದು ಕುಳಿತಿರುತ್ತಾರೆ. ಈ ಮಕ್ಕಳ ಪಾಲಿಗೆ ಆ ಆಸನಗಳು ಖಾಲಿ. ಮನೆಮಂದಿಯೊಂದಿಗೆ ಬಂದು ನಾವು ಅಲ್ಲಿ ಕುಳಿತುಕೊಳ್ಳೋಣ. ಚೆಂಡು ಬುಟ್ಟಿಗೆ ಬಿದ್ದಾಗ ಆ ಮಗುವನ್ನು ಹೆಸರು ಹಿಡಿದು ಕೂಗೋಣ.