ನಗೆ ಧಾರಾವಾಹಿಯ ಹೆಣ್ಣು: ಕಾಯಕ ಎಲ್ಲಿ ಹೋಯಿತು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಟಿ.ವಿ.ಯ ನಗೆ ಧಾರಾವಾಹಿಗಳಲ್ಲಿ ಹೆಣ್ಣುಮಕ್ಕಳನ್ನು ಹೇಗೆ ತೋರಿಸುತ್ತಾರೆ ಎಂಬ ವಿಷಯದ ಮೇಲೆ ಮಾತಾಡಿ ಎಂದು ಅಕ್ಕನ ಬಳಗದವರು ಹೇಳಿದಾಗ ನನಗೇ ನಗು ಬಂತು. ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ಕೆರೆ ಏರಿ, ರಸ್ತೆ, ಸಣ್ಣಪುಟ್ಟ ಸೇತುವೆ ಇವುಗಳ ಬಗ್ಗೆ ಕೇಳಿದರೆ ಹೇಳಬಲ್ಲೆ. "ಇದು ನಂಗ್ಯಾಕ್ರಿ ತಾಯಿ?" ಅಂದೆ. "ನಿವೃತ್ತಿ ಆದಮ್ಯಾಲ ದಿನಾ ರಾತ್ರಿ ಟಿ.ವಿ. ಮುಂದ ಕೂಡೋರು ನೀವೇ ಅಲ್ರಿ ಸರ್, ರಿಮೋಟೂ ನಿಮ್ಮ ಕೈಯಾಗೇ ಇರ್ತದ" ಅಂದರು. ಮಾತು ನಿಜ. ಹಾಗಾಗಿ ಒಪ್ಪಿಕೊಂಡೆ.

ಮೊದಲು ಒಂದು ಹಳೆಯ ಸಂಗತಿ. ಟಿ.ವಿ. ಎಂಬುದು ಬೆಂಗಳೂರಿನಿಂದ ನಮ್ಮ ಕಡೆಗೆ ಬಂದದ್ದು ಎಂದು ಇಂದಿನ ಹುಡುಗರು ತಿಳಿದಿದ್ದಾರೆ. ಹಾಗಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆಯಿತು. ಅದಕ್ಕೆ 'ಸೈಟ್' ಎಂದು ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ರಾಯಚೂರು, ವಿಜಾಪುರ ಮತ್ತು ನಮ್ಮ ಕಲಬುರಗಿ. 1977ರಲ್ಲಿ ಕಲಬುರಗಿಗೆ ಪ್ರಸಾರ ಕೇಂದ್ರವೇ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆಗ ಊರಿಗೆ ಒಂದೇ ಪೆಟ್ಟಿಗೆ. ಸಂಜೆ ಹೊಲದಿಂದ ಬಂದ ಹೆಣ್ಣುಮಕ್ಕಳು ಕೂಸುಗಳನ್ನು ಮಡಿಲಲ್ಲಿ ಹಾಕಿಕೊಂಡು ಕಟ್ಟೆಯ ಮುಂದೆ ಕೂತು ನೋಡುತ್ತಿದ್ದರು. ಬೇಸಾಯ, ಆರೋಗ್ಯ, ಮಕ್ಕಳ ಶಿಕ್ಷಣ, ಇವೇ ವಿಷಯ. ರಸವತ್ತಾಗಿರಲಿಲ್ಲ, ನಿಜ. ಆದರೆ ನೋಡುವವರು ದುಡಿಯುವ ಜನ ಎಂಬುದನ್ನು ಆ ಪೆಟ್ಟಿಗೆ ಮರೆತಿರಲಿಲ್ಲ.

ಈಗ ಮನೆಮನೆಗೂ ಟಿ.ವಿ. ಇದೆ. ಮಾತಾಡಲು ಒಪ್ಪಿದ ಮೇಲೆ ನಾನು ನನ್ನ ಹಳೆಯ ಅಭ್ಯಾಸದಂತೆ ಒಂದು ಫೀಲ್ಡ್ ಬುಕ್ ತೆಗೆದುಕೊಂಡೆ. ಅಳತೆ ತೆಗೆಯದೆ ಎಂಜಿನಿಯರ್ ಮಾತಾಡಬಾರದು. ನಾಲ್ಕು ಕಾಲಂ ಎಳೆದೆ. ಹೆಣ್ಣುಪಾತ್ರದ ಹೆಸರೇನು? ಆಕೆ ಏನು ಕೆಲಸ ಮಾಡುತ್ತಾಳೆ? ಏತಕ್ಕಾಗಿ ಮಾತಾಡುತ್ತಾಳೆ? ನೋಡುವವರು ಯಾರನ್ನು ನೋಡಿ ನಗುತ್ತಾರೆ? ಕೆಲವು ವಾರ ಹಾಸ್ಯದ ಕಾರ್ಯಕ್ರಮಗಳನ್ನು ನೋಡಿ ಬರೆಯುತ್ತ ಹೋದೆ. ಹಳೆಯವನ್ನೂ ಮೊಮ್ಮಗಳ ಮೊಬೈಲಿನಲ್ಲಿ ಮತ್ತೆ ನೋಡಿದೆ. ಕೊನೆಗೆ ಪುಸ್ತಕ ತೆರೆದು ನೋಡಿದರೆ ಎರಡನೆಯ ಕಾಲಂ, ಕೆಲಸದ ಕಾಲಂ, ಬಹುಮಟ್ಟಿಗೆ ಖಾಲಿ ಇತ್ತು. ಇವತ್ತು ನಾನು ಹೇಳಬೇಕಾದದ್ದು ಆ ಖಾಲಿ ಕಾಲಮ್ಮಿನ ಬಗ್ಗೆ.

ತಾವೆಲ್ಲ ನೋಡಿರುವ ಉದಾಹರಣೆ ಕೊಡುತ್ತೇನೆ. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಬರುತ್ತಿತ್ತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಹೆಸರಿನಲ್ಲೇ ಕತೆ ಇದೆ. ಗಂಡ ಪಾಪ, ಹೆಂಡತಿ ಜೋರು. ಆ ಹೆಂಡತಿಯ ಹೆಸರು ಏನು ಹೇಳಿ? ಶ್ರೀಮತಿ! ಅದೇ ಹೆಸರು. ಶಾಲಿನಿ ಅವರು ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಜನ ಇಂದಿಗೂ ಮರೆತಿಲ್ಲ. ಆದರೆ ಶ್ರೀಮತಿ ಎಂದರೆ ಇಂಥವನ ಹೆಂಡತಿ ಎಂದಷ್ಟೇ ಅರ್ಥವಾಗಿ ಉಳಿದಿದೆ. ಹೆಸರಿನ ಕಾಲಮ್ಮೂ ಖಾಲಿ ಎಂದಾಯಿತು.

ಅದೇ ವಾಹಿನಿಯ 'ಸಿಲ್ಲಿ ಲಲ್ಲಿ'ಯಲ್ಲಿ ಮಂಜುಭಾಷಿಣಿ ಅವರ ಲಲಿತಾಂಬ ಇದ್ದಳು. ಆಕೆಗೆ ಕೆಲಸ ಇತ್ತು. ಆಕೆ ಸಮಾಜ ಸೇವಕಿ. ಆದರೆ ಆ ಸಮಾಜ ಸೇವೆಯೇ ನಗೆಯ ವಸ್ತು. ಹೊಸಿಲು ದಾಟಿ ಊರ ಕೆಲಸಕ್ಕೆ ಹೊರಟ ಹೆಂಗಸು ಎಂದರೆ ಮಾತು ಜಾಸ್ತಿ, ಕೆಲಸ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಮೊದಲೇ ಇತ್ತು. ಆ ಭಾವನೆಗೆ ಧಾರಾವಾಹಿ ಒಂದು ಮುಖ ಕೊಟ್ಟಿತು. ನಮ್ಮ ಅಕ್ಕನ ಬಳಗದ ತಾಯಂದಿರು ಸಭೆ ಕರೆದಾಗ "ಬಂದ್ಳು ನೋಡ್ರಿ ಲಲಿತಾಂಬ" ಎಂದು ಗಂಡಸರು ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗುವುದನ್ನು ನಾನೇ ಕೇಳಿದ್ದೇನೆ.

'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿ ಪಾತ್ರ ಮಾಡಿದ ಅಪರ್ಣಾ ಅವರು 2024ರ ಜುಲೈನಲ್ಲಿ ನಮ್ಮನ್ನು ಅಗಲಿದರು. ಅಚ್ಚ ಕನ್ನಡದ ನಿರೂಪಕಿ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಕೇಳುವ ಕನ್ನಡ ದನಿ ಅವರದೇ. ಅವರ ಪ್ರತಿಭೆಗೆ ಕೈ ಮುಗಿಯುತ್ತೇನೆ. ಆದರೆ ಅಂಥ ವಿದ್ವತ್ತಿನ ಹೆಣ್ಣುಮಗಳಿಗೆ ನಗೆ ಕಾರ್ಯಕ್ರಮದಲ್ಲಿ ಸಿಕ್ಕ ಪಾತ್ರ ತನ್ನ ಚೆಲುವಿನ ಗುಂಗಿನಲ್ಲಿ ಇರುವ ಹೆಂಗಸಿನದು. ಇದು ಕಲಾವಿದರ ತಪ್ಪಲ್ಲ. ಬರೆಯುವವರ ಮುಂದೆ ಇರುವ ಅಚ್ಚು ಅಂಥದು.

ಇಲ್ಲಿ ಒಬ್ಬರು ಕೇಳಬಹುದು. ಮನೆಗೆಲಸ ಕಾಯಕ ಅಲ್ಲವೇ, ಗೃಹಿಣಿಯನ್ನು ತೋರಿಸಿದರೆ ತಪ್ಪೇನು ಎಂದು. ಖಂಡಿತ ಅದೂ ಕಾಯಕವೇ. ಆದರೆ ಧಾರಾವಾಹಿಯಲ್ಲಿ ಆ ಕಾಯಕವನ್ನಾದರೂ ನೋಡಿದ್ದೀರಾ? ಅಡುಗೆಮನೆಯಲ್ಲಿ ರೇಷ್ಮೆ ಸೀರೆ. ಒಲೆಗೆ ಮಸಿ ಇಲ್ಲ, ಕೈಗೆ ಹಿಟ್ಟು ಹತ್ತುವುದಿಲ್ಲ, ತಿಂದ ತಟ್ಟೆ ಯಾರು ತೊಳೆದರೋ ಗೊತ್ತಿಲ್ಲ. ನಮ್ಮ ತಾಯಂದಿರು ನಸುಕಿನಲ್ಲಿ ಎದ್ದು ಒಂದು ಬುಟ್ಟಿ ಜೋಳದ ರೊಟ್ಟಿ ಬಡಿದು, ತೊಗರಿ ಹೊಲಕ್ಕೆ ಹೋಗಿ, ಸಂಜೆ ತಿರುಗಿ ಬಂದು ಮತ್ತೆ ಒಲೆ ಹೊತ್ತಿಸುತ್ತಾರೆ. ಶಹಾಬಾದದಲ್ಲಿ ಕಲ್ಲಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಂಜೆ ಮೈತುಂಬ ಬಿಳಿ ಧೂಳಾಗಿ ಬಂದು, ಕೈಕಾಲು ತೊಳೆದು ಟಿ.ವಿ. ಮುಂದೆ ಕೂಡುತ್ತಾರೆ. ಅವರು ನೋಡುವ ಮನೆಯಲ್ಲಿ ಒಬ್ಬ ಹೆಣ್ಣೂ ಕೆಲಸ ಮಾಡುತ್ತಿಲ್ಲ!

ಹನ್ನೆರಡನೆಯ ಶತಮಾನಕ್ಕೆ ಒಮ್ಮೆ ತಿರುಗಿ ನೋಡೋಣ. ನಮ್ಮ ಶರಣೆಯರನ್ನು ಯಾವ ಹೆಸರಿನಿಂದ ಕರೆಯುತ್ತೇವೆ? ಅಕ್ಕಿ ಆಯುವವಳು ಆಯ್ದಕ್ಕಿ ಲಕ್ಕಮ್ಮ. ಕದಿರು ಹಿಡಿದು ನೂಲುವವಳು ಕದಿರೆ ರೆಮ್ಮವ್ವೆ. ಕೊಟ್ಟಣ ಕುಟ್ಟುವವಳು ಕೊಟ್ಟಣದ ಸೋಮಮ್ಮ. ಹೆಸರಿನ ಮುಂದೆ ಗಂಡನಿಲ್ಲ, ಕಾಯಕ ಇದೆ. ನನ್ನ ಫೀಲ್ಡ್ ಬುಕ್ಕಿನ ಮೊದಲ ಎರಡು ಕಾಲಂಗಳನ್ನು ಅವರು ಒಂದೇ ಮಾತಿನಲ್ಲಿ ತುಂಬಿಬಿಟ್ಟಿದ್ದಾರೆ.

ಲಕ್ಕಮ್ಮನ ಪ್ರಸಂಗ ತಮಗೆಲ್ಲ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ದಿನದ ಪಾಡಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಬಾಗಿಲಲ್ಲೇ ತಡೆದಳು. ಇದು ಆಸೆ, ನಮಗೆ ಬೇಡ, ತಿರುಗಿ ಸುರಿದು ಬಾ ಎಂದು ಕಳಿಸಿದಳು. ಈಗ ಇದನ್ನು ಧಾರಾವಾಹಿಯ ಕಣ್ಣಿನಿಂದ ನೋಡಿ. ಗಂಡ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಹೆಂಡತಿ ಬೈಯುತ್ತಿದ್ದಾಳೆ. ಪಾಪ ಪಾಂಡುವಿನ ದೃಶ್ಯ ಇದೇ ಅಲ್ಲವೇ? ಆದರೆ ಅಲ್ಲಿ ಬೈಗುಳ ತರಲಿಲ್ಲ ಎಂಬುದಕ್ಕೆ, ಇಲ್ಲಿ ಹೆಚ್ಚು ತಂದೆ ಎಂಬುದಕ್ಕೆ. ಹೆಣ್ಣು ಗಂಡನಿಗೆ ಎದುರು ಮಾತಾಡುವುದನ್ನು ಶರಣರು ಮುಚ್ಚಿಡಲಿಲ್ಲ, ಅದನ್ನು ನೋಡಿ ನಗಲೂ ಇಲ್ಲ. ಅದರಲ್ಲಿ ಧರ್ಮದ ಪ್ರಶ್ನೆ ಇದೆ ಎಂದು ಕಿವಿಗೊಟ್ಟರು. ಧಾರಾವಾಹಿ ಏನು ಮಾಡುತ್ತದೆ? ಹೆಣ್ಣಿನ ಪ್ರಶ್ನೆಯನ್ನು ಗಂಡ-ಹೆಂಡಿರ ಜಗಳ ಮಾಡಿಬಿಡುತ್ತದೆ. ಜಗಳ ಆದ ಮೇಲೆ ಉತ್ತರ ಕೊಡಬೇಕಾಗಿಲ್ಲ, ನಕ್ಕರೆ ಸಾಕು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹೀಗೆ ನಕ್ಕವರಲ್ಲಿ ನಾನೂ ಒಬ್ಬ.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬರಗಾಲದ ಕಾಮಗಾರಿ ನಡೆದಿತ್ತು. ಕೆರೆ ಏರಿಗೆ ಮಣ್ಣು ಹೊರುವ ಕೆಲಸ. ಮಸ್ಟರ್ ರೋಲಿನಲ್ಲಿ ಹೆಂಗಸರ ಹೆಸರು, ಮುಂದೆ ಗಂಡನ ಹೆಸರು. ಪಗಾರದ ದಿನ ಗಂಡ ಬಂದರೆ ಅವನ ಕೈಗೇ ರೊಕ್ಕ ಕೊಡುತ್ತಿದ್ದೆವು. ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಒಬ್ಬ ಹೆಣ್ಣುಮಗಳು ಟೇಬಲ್ಲಿನ ಮುಂದೆ ಬಂದು ನಿಂತಳು. "ಸಾಹೇಬ್ರ, ಮಣ್ಣು ಹೊತ್ತಾಕಿ ನಾನು. ರೊಕ್ಕ ಅವನ ಕೈಯಾಗ ಯಾಕ ಕೊಟ್ರಿ?" ಅಂದಳು. ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? "ಗಂಡನ ಮ್ಯಾಲ ಅಷ್ಟ್ಯಾಕ ಸಿಟ್ಟವ್ವ, ರಾತ್ರಿ ಊಟ ಹಾಕಿಲ್ಲೇನು?" ಅಂದೆ. ಮೇಸ್ತ್ರಿ ನಕ್ಕ, ಗುಮಾಸ್ತ ನಕ್ಕ, ಸಾಲಿನಲ್ಲಿ ನಿಂತ ಗಂಡಸರೆಲ್ಲ ನಕ್ಕರು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು. ಮತ್ತೆ ಕೇಳಲು ಬರಲಿಲ್ಲ.

ಗಂಡಾಳು ಹೆಣ್ಣಾಳಿಗೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿತ್ತು. ನಾನು ಓದಿದವನು, ನನಗೆ ಗೊತ್ತಿತ್ತು. ಆಗ ಆ ಕಡೆ ಧಾರಾವಾಹಿಗಳೂ ಬಂದಿರಲಿಲ್ಲ. ಅಂದರೆ ಈ ನಗೆಯನ್ನು ನಮಗೆ ಟಿ.ವಿ. ಕಲಿಸಲಿಲ್ಲ, ನಮ್ಮಿಂದ ಟಿ.ವಿ. ಕಲಿತದ್ದು. ಈಗ ಉದ್ಯೋಗ ಖಾತ್ರಿಯಲ್ಲಿ ಕೂಲಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆದರೆ ನಮ್ಮ ನಗೆ ಇನ್ನೂ ಹಳೆಯ ಮಸ್ಟರ್ ರೋಲಿನಲ್ಲೇ ಇದೆ.

ಬೇರೆ ರೀತಿ ತೋರಿಸಲು ಬರುವುದಿಲ್ಲವೇ? ಬರುತ್ತದೆ. 1985ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿ ಅವರ 'ರಜನಿ' ಬಂತು. ಪ್ರಿಯಾ ತೆಂಡೂಲ್ಕರ್ ಮಾಡಿದ ರಜನಿ ಒಬ್ಬ ಗೃಹಿಣಿಯೇ. ಗ್ಯಾಸ್ ಸಿಲಿಂಡರಿನವರಿಂದ ಹಿಡಿದು ಟ್ಯಾಕ್ಸಿಯವರ ತನಕ ಎಲ್ಲರನ್ನೂ ಪ್ರಶ್ನೆ ಮಾಡುತ್ತಿದ್ದಳು. ಅಲ್ಲಿ ಜನ ನಕ್ಕದ್ದು ಕೆಲಸಗಳ್ಳರನ್ನು ನೋಡಿ. ನಮ್ಮ ಕನ್ನಡದಲ್ಲೇ 2021ರ ಡಿಸೆಂಬರಿನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನೋಡಿ. ಅದು ನಗೆ ಧಾರಾವಾಹಿ ಅಲ್ಲ, ಅದರಲ್ಲೂ ಅತಿರೇಕ ಇದೆ. ಆದರೂ ಉಮಾಶ್ರೀ ಅವರ ಪುಟ್ಟಕ್ಕ ಮೆಸ್ ನಡೆಸಿ, ಗಂಡ ಬಿಟ್ಟರೂ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಕೈಯಲ್ಲಿ ಸೌಟು ಇದೆ, ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಾಳೆ. ಜನ ನೋಡಲಿಲ್ಲವೇ? ಮನೆಮನೆಯಲ್ಲೂ ನೋಡಿದರು. ದುಡಿಯುವ ಹೆಣ್ಣನ್ನು ತೋರಿಸಿದರೆ ಜನ ನೋಡುವುದಿಲ್ಲ ಎಂಬ ಮಾತು ಸುಳ್ಳು.

ನಗಬಾರದು ಎಂದು ನಾನು ಹೇಳುತ್ತಿಲ್ಲ. ಶರಣರೂ ನಕ್ಕರು. ಆದರೆ ಡಂಭವನ್ನು ನೋಡಿ ನಕ್ಕರು, ಸೋಗಿನ ಭಕ್ತಿಯನ್ನು ನೋಡಿ ನಕ್ಕರು. ಮೇಲಿದ್ದವರನ್ನು ನೋಡಿ ನಗುವುದಕ್ಕೂ ಮಣ್ಣು ಹೊತ್ತವಳನ್ನು ನೋಡಿ ನಗುವುದಕ್ಕೂ ವ್ಯತ್ಯಾಸ ಇದೆ.

ಕೊನೆಯದಾಗಿ ನಮ್ಮ ಮನೆಯೊಳಗಿನ ಮಾತು. ವಾಹಿನಿಯವರಿಗೆ ಪತ್ರ ಬರೆಯುವುದು ಸುಲಭ. ಅದಕ್ಕೆ ಮೊದಲು ನಮ್ಮ ಮಠಗಳ ಜಾತ್ರೆಯ ಕರಪತ್ರ ತೆಗೆದು ನೋಡೋಣ. ದಾಸೋಹ ಸೇವೆ ಎಂದು ಪಟ್ಟಿ ಇರುತ್ತದೆ. ಅದರಲ್ಲಿ ಗಂಡಸರ ಹೆಸರು. ಹೆಚ್ಚೆಂದರೆ 'ಶ್ರೀಮತಿ ಮತ್ತು ಶ್ರೀ' ಎಂದು ಬರೆದು ಮುಂದೆ ಗಂಡನ ಹೆಸರು. ನೋಡಿ, ಇಲ್ಲಿಯೂ ಆಕೆ ಬರೀ ಶ್ರೀಮತಿ! ಊರೂರಿನಿಂದ ಟ್ರ್ಯಾಕ್ಟರಿನಲ್ಲಿ, ಬಂಡಿಯಲ್ಲಿ ಬರುವ ರಾಶಿ ರೊಟ್ಟಿ ಬಡಿದ ಕೈಗಳಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಹಾಗಿದ್ದ ಮೇಲೆ ನಾವು ಪಾಪ ಪಾಂಡುವಿಗೆ ಬುದ್ಧಿ ಹೇಳುವುದು ಹೇಗೆ?

ಆದ್ದರಿಂದ ನನ್ನ ಬಿನ್ನಹ ಎರಡು. ಮೊದಲನೆಯದು, ಅಕ್ಕನ ಬಳಗದವರು ಒಂದು ತಿಂಗಳು ಆ ನಾಲ್ಕು ಕಾಲಂ ಎಳೆದು ಟಿ.ವಿ. ನೋಡಲಿ, ಮಕ್ಕಳ ಕೈಯಿಂದ ಬರೆಸಲಿ, ಮುಂದಿನ ಗೋಷ್ಠಿಯಲ್ಲಿ ಓದಲಿ. ಹುಡುಗರು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಎರಡನೆಯದು, ಬರುವ ಜಾತ್ರೆಯ ಕರಪತ್ರದಲ್ಲಿ ರೊಟ್ಟಿಯ ಕಾಯಕ ಮಾಡುವ ತಾಯಂದಿರ ಹೆಸರನ್ನು ಅವರವರ ಸ್ವಂತ ಹೆಸರಿನಲ್ಲಿ, ಊರಿನ ಸಮೇತ ಅಚ್ಚು ಹಾಕಿಸಬೇಕು. ಪಟ್ಟಿ ಉದ್ದ ಆಗುತ್ತದೆ, ಕಾಗದ ಜಾಸ್ತಿ ಬೇಕು ಎಂದರೆ ಆ ಕಾಗದದ ಖರ್ಚು ನನ್ನದು.

ಅಂದು ಆ ಟೇಬಲ್ಲಿನ ಮುಂದೆ ನಿಂತ ಹೆಣ್ಣುಮಗಳ ಹೆಸರು ನನ್ನ ಮಸ್ಟರ್ ರೋಲಿನಲ್ಲಿ ಇತ್ತು. ನಾನೇ ಸಹಿ ಹಾಕಿದ್ದೆ. ಈಗ ಎಷ್ಟು ನೆನೆದರೂ ಆಕೆಯ ಹೆಸರು ನೆನಪಿಗೆ ಬರುತ್ತಿಲ್ಲ. ಗಂಡನ ಹೆಸರು ನೆನಪಿದೆ.